ನೀರುಗಂಟಿಯ ಮಗಳು ಮತ್ತು ಸೊನ್ನೆ ಸಕ್ಕರೆಯ ಅರ್ಜಿ

ಹೆಮ್ಮಿಗೆಯ ನೀರುಗಂಟಿ ಸಿದ್ದಯ್ಯ ಯಾರ ಗದ್ದೆಗೂ ಬರೀ ಮಾತಿನ ಮೇಲೆ ನೀರು ಬಿಟ್ಟವನಲ್ಲ. ನಾಲೆಯ ನೀರನ್ನು ಸರದಿಯಂತೆ ಗದ್ದೆಗಳಿಗೆ ತಿರುಗಿಸುವುದು ಅವನ ಕೆಲಸ. ತೂಬಿನ ಹತ್ತಿರ ನಿಂತು ಯಾರಾದರೂ, "ನನ್ ಗದ್ದೆ ಬಿರುಕು ಬಿಟ್ಟದೆ ಕಣಣ್ಣೋ, ಒಸಿ ತಿರುಗ್ಸು" ಎಂದು ಕೂಗಿದರೆ ಅವನು ತಲೆಯಾಡಿಸುತ್ತಿದ್ದ. ಆಮೇಲೆ ಸನಿಕೆಯನ್ನು ಹೆಗಲಿಗಿಟ್ಟುಕೊಂಡು ಬದುವಿನ ಮೇಲೆ ನಡೆದು ಆ ಗದ್ದೆಗೇ ಹೋಗುತ್ತಿದ್ದ. ನಟ್ಟನಡುವೆ ಇಳಿದು ಬರಿಗಾಲಿನ ಹಿಮ್ಮಡಿಯನ್ನು ಮಣ್ಣಿಗೆ ಒತ್ತಿ ತೆಗೆದು, ಸೊಂಟದ ಚೀಲ ಬಿಚ್ಚಿ ಎಲೆಯಡಿಕೆ ಮಡಿಸುತ್ತಿದ್ದ. ಎಲೆ ಬಾಯಿಗೆ ಹೋಗುವಷ್ಟರಲ್ಲಿ ಹಿಮ್ಮಡಿಯ ಗುಂಡಿಯಲ್ಲಿ ನೀರು ಒಸರಿದರೆ ಆ ಗದ್ದೆ ಇನ್ನೆರಡು ದಿನ ತಡೆಯುತ್ತದೆ ಎಂದು ಲೆಕ್ಕ. ಒಸರದಿದ್ದರೆ ತೂಬು ತೆರೆಯುತ್ತಿದ್ದ.

ತೊಂಬತ್ತರ ಸುಮಾರಿನಲ್ಲಿ ಅವನ ಹಿಂದೆ ಮಗಳು ರುದ್ರಾಣಿಯೂ ನಡೆಯುತ್ತಿದ್ದಳು. ಆಗ ಅವಳಿಗೆ ಹತ್ತು ವರ್ಷ. ಗುಂಡಿಯೊಳಗೆ ನೀರು ಏಳುವುದನ್ನು ಕುಕ್ಕರಗಾಲಿನಲ್ಲಿ ಕೂತು ನೋಡುವುದು ಅವಳಿಗೆ ಇಷ್ಟ. ಮೊದಲು ಮಣ್ಣು ಬೆವರಿದಂತೆ ಮಿಂಚುತ್ತಿತ್ತು, ಆಮೇಲೆ ತಳದಲ್ಲಿ ಒಂದು ಕಣ್ಣು ಬಿಟ್ಟುಕೊಳ್ಳುತ್ತಿತ್ತು, ಆ ಕಣ್ಣಿನಲ್ಲಿ ಆಕಾಶ.

"ಅವ್ರು ಸುಳ್ಳೇಳ್ತಾರಾ ಅಪ್ಪ?" ಎಂದು ಒಮ್ಮೆ ಕೇಳಿದ್ದಳು.

"ಸುಳ್ಳಲ್ಲ ಕಣವ್ವ. ಅವ್ನಿಗೆ ನೀರು ಬೇಕು. ಬೇಕು ಅನ್ನೋನ ಕಣ್ಗೆ ಗದ್ದೆ ಒಣಗ್ದಂಗೇ ಕಾಣ್ತದೆ. ನಾನು ತೂಬಿನ ತಾವೇ ನಿಂತ್ಕಂಡು ಊ ಅಂದ್ಬುಟ್ರೆ, ಕೊನೇ ಗದ್ದೆಯವ್ನು ಏನ್ ಮಾಡ್ಬೇಕು ಏಳು?"

ಅವಳು ಗುಂಡಿಯ ಕಡೆಗೇ ಬಗ್ಗಿದಳು. ಗುಂಡಿಯಲ್ಲಿನ ಆಕಾಶ ಅಷ್ಟರಲ್ಲಿ ತುಂಬಿಕೊಂಡಿತ್ತು.

ಹದಿನಾಲ್ಕು ವರ್ಷಗಳ ನಂತರ, ಎರಡು ಸಾವಿರದ ನಾಲ್ಕರಲ್ಲಿ, ರುದ್ರಾಣಿ ತಿ. ನರಸೀಪುರದಲ್ಲಿ ಗೊಬ್ಬರದ ಅಂಗಡಿಯೊಂದರ ಮಹಡಿಯ ಮೇಲೆ ಕಂಪ್ಯೂಟರ್ ಕಲಿಸುತ್ತಿದ್ದಳು. ನಾಲ್ಕು ಯಂತ್ರಗಳು, ಕೆಳಗಿನಿಂದ ಏರಿ ಬರುವ ಯೂರಿಯಾದ ವಾಸನೆ, ಒಂದು ಕಿಟಕಿ. ಕಿಟಕಿಯಾಚೆ ಕಪಿಲೆ ಬಂದು ಕಾವೇರಿಗೆ ಸೇರುವ ಜಾಗ. ಇಂಟರ್‌ನೆಟ್ಟಿಗೆ ಫೋನ್ ಲೈನು ಹಿಡಿಯುವಾಗ ಮೋಡೆಮ್ ಕೀರಲು ದನಿಯಲ್ಲಿ ಕೂಗಿ ಕೂಗಿ ಸುಮ್ಮನಾಗುತ್ತಿತ್ತು. ಆ ಒಂದೆರಡು ನಿಮಿಷ ಅವಳಿಗೆ ಬೇರೆ ಕೆಲಸವಿರುತ್ತಿರಲಿಲ್ಲ. ಎರಡು ಬಣ್ಣದ ನೀರು ಸ್ವಲ್ಪ ದೂರ ಪಕ್ಕಪಕ್ಕದಲ್ಲೇ ಹೋಗಿ, ಎಲ್ಲಿ ಎಂದು ಬೆರಳಿಟ್ಟು ತೋರಿಸಲಾಗದ ಕಡೆ ಒಂದಾಗುವುದನ್ನು ನೋಡುತ್ತಿದ್ದಳು.

ಅದೇ ವರ್ಷ ಧಾನ್ಯದ ವರ್ತಕ ಶಂಭುಲಿಂಗಪ್ಪ ಅವಳ ಹತ್ತಿರ ಬಂದರು. ಅವರು ಮತ್ತು ಕೆಲವು ಗೆಳೆಯರು ಸೇರಿ ಮೂರು ತಿಂಗಳಿಗೊಮ್ಮೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ಶಿಬಿರ ನಡೆಸುತ್ತಿದ್ದರು. ಹೆಸರು ಬರೆಸಲೆಂದೇ ಮುದುಕ ಮುದುಕಿಯರು ತಲಕಾಡಿನಿಂದ, ನಂಜನಗೂಡಿನ ಕಡೆಯಿಂದ ಬಸ್ಸು ಹಿಡಿದು ಬರಬೇಕಾಗಿತ್ತು. "ಅವ್ರವ್ರ ಊರಿನ ಸೈಬರ್ ಸೆಂಟರಲ್ಲೇ ಬರ್ಸೋ ಹಂಗೆ ಏನಾದ್ರೂ ಮಾಡಮ್ಮ" ಎಂದರು.

ರುದ್ರಾಣಿ ವೆಬ್‌ಪುಟವೊಂದನ್ನು ಮಾಡಿದಳು. ಅದರಲ್ಲಿ ಏಳು ಖಾನೆಗಳು: ಹೆಸರು, ಊರು, ವಯಸ್ಸು, ಫೋನು, ಯಾವ ಕಣ್ಣು, ರಕ್ತದೊತ್ತಡ, ರಕ್ತದ ಸಕ್ಕರೆ. ಒಂದು ಖಾನೆ ಖಾಲಿ ಬಿಟ್ಟು ಕಳಿಸುವ ಗುಂಡಿ ಒತ್ತಿದರೂ ಪುಟವೇ ತಡೆದು, "ಇದನ್ನು ತುಂಬಿ" ಎಂದು ಪುಟ್ಟ ಕಿಟಕಿ ತೋರಿಸುತ್ತಿತ್ತು. ಎಲ್ಲ ತುಂಬಿದ ಅರ್ಜಿ ಫೋನ್ ತಂತಿಯಲ್ಲಿ ಹರಿದು ಎಲ್ಲೋ ದೂರದ ಸರ್ವರ್ ಸೇರುತ್ತಿತ್ತು. ಸರ್ವರ್ ಅಂದರೆ ಎಲ್ಲ ಊರಿನ ಅರ್ಜಿಗಳನ್ನೂ ಇಸಿದುಕೊಂಡು ಕೂಡಿಡುವ ಯಂತ್ರ. ಅದು ಹೈದರಾಬಾದಿನಲ್ಲಿದೆಯೋ ಅಮೆರಿಕದಲ್ಲಿದೆಯೋ ಅವಳಿಗೆ ಗೊತ್ತಿರಲಿಲ್ಲ. ಮನಸ್ಸಿನಲ್ಲಿ ಮಾತ್ರ ಅದು ನಾಲೆಯ ಕೊನೆಯ ಒಂದು ತಣ್ಣನೆಯ ಕೋಣೆಯಂತೆ ಇತ್ತು. ಅರ್ಜಿಗಳು ಹೊಂಗೆ ಎಲೆಗಳ ಹಾಗೆ ತೇಲಿ ಬಂದು, ಸದ್ದಿಲ್ಲದೆ ಅದರ ಬಾಗಿಲಿಗೆ ತಾಗಿ ನಿಲ್ಲುತ್ತಿದ್ದವು.

ಪುಟದ ವಿಳಾಸವನ್ನು ಸೈಬರ್ ಸೆಂಟರುಗಳಿಗೆ ಕಳಿಸುವ ಮುನ್ನ ಮೂವತ್ತು ಸಲ ಪರೀಕ್ಷಿಸಿದ್ದಳು. ಮೂವತ್ತು ಸಲವೂ ಪುಟ ಸರಿಯಾಗಿ ತಡೆಯಿತು. ಮೂವತ್ತು ಸಲವೂ ಪರೀಕ್ಷೆ ನಡೆದದ್ದು ಅವಳ ಕಂಪ್ಯೂಟರಿನಲ್ಲಿ.

ಮೊದಲ ಶಿಬಿರ ಒಂದು ಭಾನುವಾರಕ್ಕೆ ನಿಗದಿಯಾಯಿತು. ಪಟ್ಟಿ ತೆಗೆಯುವುದೂ ಯಂತ್ರದ್ದೇ ಕೆಲಸ: ಸಕ್ಕರೆ ಇನ್ನೂರಕ್ಕಿಂತ ಕೆಳಗಿದ್ದವರು ಈ ಸಲಕ್ಕೆ, ಮೇಲಿದ್ದವರು ಔಷಧಿ ತೆಗೆದುಕೊಂಡು ಮುಂದಿನ ಸಲಕ್ಕೆ. ಗುರುವಾರ ಬೆಳಿಗ್ಗೆ ನಲವತ್ತು ಹೆಸರುಗಳ ಪಟ್ಟಿ ಮುದ್ರಿಸಿ ಶಂಭುಲಿಂಗಪ್ಪನವರ ಧಾನ್ಯದ ಮಂಡಿಗೆ ಕೊಟ್ಟು ಬಂದಳು. ಮಧ್ಯಾಹ್ನ ಕರೆಂಟು ಹೋಯಿತು. ಪಾಠವಿಲ್ಲ, ಫ್ಯಾನಿಲ್ಲ. ಕಿಟಕಿಯ ಪಕ್ಕ ಕುರ್ಚಿ ಎಳೆದುಕೊಂಡು, ಪಟ್ಟಿಯ ಇನ್ನೊಂದು ಪ್ರತಿಯನ್ನು ಮಡಿಲಲ್ಲಿಟ್ಟುಕೊಂಡು ಅರೆನಿದ್ದೆಯಲ್ಲಿ ಓದುತ್ತಿದ್ದಳು. ಹೆಸರುಗಳು ಒಂದೊಂದಾಗಿ ದಾಟುತ್ತಿದ್ದವು.

ಪುಟ್ಟಗೌರಮ್ಮ, ದೇವನೂರು, 68, ಎಡಗಣ್ಣು, ಸಕ್ಕರೆ 0.

ಮೊದಲ ಕ್ಷಣ ಅವಳಿಗೆ ಒಳ್ಳೆಯದೇ ಅನ್ನಿಸಿತು: ಸಕ್ಕರೆಯೇ ಇಲ್ಲ, ಪುಣ್ಯಾತ್ಗಿತ್ತಿ. ಎರಡನೆಯ ಕ್ಷಣ ನಿದ್ದೆ ಬಿಟ್ಟುಹೋಯಿತು. ರಕ್ತದಲ್ಲಿ ಸೊನ್ನೆ ಸಕ್ಕರೆ ಇಟ್ಟುಕೊಂಡು ಯಾರೂ ಬದುಕಿರುವುದಿಲ್ಲ.

ಪಟ್ಟಿಯಲ್ಲಿ ಅಂಥ ಸೊನ್ನೆಗಳು ಐದಿದ್ದವು. ಐದೂ ನಂಜನಗೂಡಿನಿಂದ ಬಂದವು. ಅಲ್ಲಿನ ಸೈಬರ್ ಸೆಂಟರಿನ ಮದನ್‌ಗೆ ಫೋನ್ ಮಾಡಿದಳು.

"ದೇವನೂರಿನ ಅಜ್ಜಿದಾ? ರಿಪೋರ್ಟೇ ತಂದಿರ್ಲಿಲ್ಲ ಮೇಡಂ, ಖಾಲಿ ಬಿಟ್ಟೆ."

"ಖಾಲಿ ಬಿಟ್ರೆ ಪೇಜು ತಡೀಬೇಕಲ್ರೀ?"

"ಏನೂ ಅನ್ಲಿಲ್ಲ. ಬಂಗಾರದಂಥಾ ಪೇಜು, ಕೊಟ್ಟಿದ್ದೆಲ್ಲಾ ತಗೊಂಡ್ತು!"

ಸ್ವಲ್ಪ ಕೆದಕಿದ ಮೇಲೆ ವಿಷಯ ಹೊರಬಿತ್ತು. ಕರೆಯದೆ ಬರುವ ಜಾಹೀರಾತಿನ ಕಿಟಕಿಗಳು ನಿಧಾನದ ಲೈನನ್ನು ತಿಂದುಹಾಕುತ್ತಿದ್ದವು. ಅದಕ್ಕೆ ಮದನ್ ತನ್ನ ಎಲ್ಲ ಕಂಪ್ಯೂಟರುಗಳಲ್ಲೂ ಪುಟದೊಳಗಿನ ಸಣ್ಣ ಪ್ರೋಗ್ರಾಮುಗಳು ಓಡದಂತೆ ಮಾಡಿಬಿಟ್ಟಿದ್ದ. ಖಾಲಿ ಖಾನೆಯನ್ನು ತಡೆಯುವ ರುದ್ರಾಣಿಯ ಕಾವಲೂ ಅಂಥದೇ ಒಂದು ಸಣ್ಣ ಪ್ರೋಗ್ರಾಮು. ಕಾವಲಿಲ್ಲದ ಪುಟದಿಂದ ಖಾಲಿ ಖಾನೆ ಹಾಗೇ ಹರಿದುಹೋಗಿತ್ತು. ಆ ತುದಿಯ ಸರ್ವರಿಗೆ ನೋಡಿ ತೆಗೆದುಕೋ ಎಂದು ಅವಳು ಹೇಳಿರಲಿಲ್ಲ. ಸಂಖ್ಯೆ ಇರಬೇಕಾದ ಕಡೆ ಏನೂ ಇಲ್ಲದ್ದನ್ನು ಕಂಡು ಅದು ತಾನಾಗಿ ಸೊನ್ನೆ ಬರೆದುಕೊಂಡಿತ್ತು. ಸೊನ್ನೆ ಇನ್ನೂರಕ್ಕಿಂತ ಕಡಿಮೆ. ಪುಟ್ಟಗೌರಮ್ಮ ಭಾನುವಾರದ ಪಟ್ಟಿಗೆ ಸೇರಿದ್ದರು.

ಅವಳು ಮಂಡಿಗೆ ಓಡಿದಳು. ಶಂಭುಲಿಂಗಪ್ಪ ರಾಗಿ ಚೀಲಗಳ ನಡುವೆ ಕೂತು ಕನ್ನಡಕ ಒರೆಸುತ್ತಿದ್ದರು.

"ಅಯ್ಯೋ, ಇದಕ್ಯಾಕಮ್ಮ ಇಷ್ಟು ಗಾಬ್ರಿ? ಆಸ್ಪತ್ರೇಲಿ ಇನ್ನೊಂದ್ಸಲ ನೋಡ್ತಾರೆ ಬಿಡು."

"ನೋಡ್ತಾರೆ ಅಂತ ಯಾರು ಹೇಳಿದ್ದು ಸಾ?"

"ನೋಡ್ದೆ ಇರ್ತಾರಾ?"

"ನಮ್ ಪಟ್ಟೀಲಿ ಬಂದೋರ್ನ ನಾವು ನೋಡಿದ್ದೀವಿ ಅಂತ ಅವ್ರು ಅಂದ್ಕೊಂಡಿದ್ರೆ? ನಾನು ಪೇಜು ನೋಡ್ತದೆ ಅಂದ್ಕೊಂಡೆ. ಮದನ್ನೂ ಪೇಜು ನೋಡ್ತದೆ ಅಂದ್ಕೊಂಡ. ನೀವು ನಾನು ನೋಡಿದ್ದೀನಿ ಅಂದ್ಕೊಂಡ್ರಿ. ಯಾರೂ ನೋಡೇ ಇಲ್ಲ."

ಶಂಭುಲಿಂಗಪ್ಪ ಕನ್ನಡಕ ಹಾಕಿಕೊಂಡು ಪಟ್ಟಿಯನ್ನು ಕೈಗೆತ್ತಿಕೊಂಡರು. "ಸಕ್ಕರೆ ಏರಿದ್ದಾಗ ಕುಯ್ದ್ರೆ?"

"ಗಾಯ ಕೀವಾಗ್ಬೋದಂತೆ. ಕಣ್ಣೇ ಹೋಗ್ಬೋದು."

"ನಡಿ ಮತ್ತೆ. ನಾಳೆ ಸಂಜೆ ಒಳಗೆ ಏನು ಅಂತ ಹೇಳು. ನಾನು ಪಟ್ಟಿ ಹಿಡ್ಕೊಂಡಿರ್ತೀನಿ."

ಐವರಲ್ಲಿ ನಾಲ್ವರ ವರದಿಗಳು ಮದನ್‌ನ ಮೇಜಿನ ಮೇಲೇ ಸಿಕ್ಕವು. ಅವನು ಟೈಪ್ ಮಾಡಿರಲಿಲ್ಲ, ಅಷ್ಟೇ; ನಾಲ್ಕರಲ್ಲೂ ಸಕ್ಕರೆ ಇನ್ನೂರರೊಳಗೇ ಇತ್ತು. ಉಳಿದವರು ಪುಟ್ಟಗೌರಮ್ಮ. ಶುಕ್ರವಾರ ಬೆಳಿಗ್ಗೆ ರುದ್ರಾಣಿ ಎರಡು ಬಸ್ಸು ಬದಲಾಯಿಸಿ ದೇವನೂರಿಗೆ ಹೋದಳು.

ಪುಟ್ಟಗೌರಮ್ಮ ಜಗಲಿಯ ಮೇಲೆ ಕೂತು ಬೆರಳಿನಿಂದ ತಡವಿ ತಡವಿ ಹುರುಳಿಯ ಕಲ್ಲು ಆರಿಸುತ್ತಿದ್ದರು. ಬಲಗಣ್ಣು ಹತ್ತು ವರ್ಷದ ಹಿಂದೆಯೇ ಹೋಗಿತ್ತು. ಭಾನುವಾರದ ಶಿಬಿರದ ಬಸ್ಸಿಗೆಂದು ಕಟ್ಟಿಟ್ಟ ಬಟ್ಟೆಯ ಗಂಟೊಂದು ಕೈಗೆ ಸಿಗುವ ಹಾಗೆ ಪಕ್ಕದಲ್ಲೇ ಇತ್ತು.

"ಬಸ್ ಬಂತಾ?" ಎಂದರು, ಹೆಜ್ಜೆಯ ಸದ್ದಿಗೆ.

"ಇಲ್ಲಜ್ಜಿ, ಇವತ್ತು ಶುಕ್ರವಾರ. ನಿಮ್ ರಕ್ತ ಒಂದ್ಸಲ ನೋಡ್ಬೇಕು. ಸಕ್ಕರೆ ಇದ್ರೆ ಈ ಸಲ ಬ್ಯಾಡ, ಮುಂದಿನ್ಸಲ."

ಅಜ್ಜಿಯ ಬೆರಳು ನಿಂತಿತು. "ಕಂಪ್ಯೂಟ್ರೇ ಒಪ್ಕಂಡದೆ, ಬೀದಿಗೆಲ್ಲಾ ಏಳ್ಕಂಡು ಬಂದಿವ್ನಿ. ಅದ್ಕಿಂತ ದೊಡ್ಡೋಳಾ ನೀನು? ಯಾರವ್ವ ನೀನು?"

"ಅದ್ಕೆ ಏಳ್ಕೊಟ್ಟೋಳೇ ನಾನು. ಸರ್ಯಾಗಿ ಏಳ್ಕೊಡ್ನಿಲ್ಲ. ತಪ್ಪು ನಂದೇ."

"ಏಳ್ಕೊಟ್ಟೋಳ್ದು ತಪ್ಪು, ಸೂಜಿ ಚುಚ್ಚೋದು ನಂಗೆ. ಚೆಂದಾಗದೆ ನ್ಯಾಯ!" ಎಂದು ಗೊಣಗುತ್ತಲೇ ಅವರು ಗಂಟನ್ನು ಎತ್ತಿಕೊಂಡು ಎದ್ದರು. ಅದನ್ನು ಬಿಟ್ಟು ಬನ್ನಿ ಎನ್ನುವ ಧೈರ್ಯ ರುದ್ರಾಣಿಗೆ ಬರಲಿಲ್ಲ.

ನಂಜನಗೂಡಿನ ಬಸ್ಸಿನಲ್ಲಿ ಅಜ್ಜಿ ಕಿಟಕಿಯ ಪಕ್ಕ ಕೂತರು. ಹೊರಗೆ ಹೊಲಗಳು, ತೆಂಗಿನ ಸಾಲುಗಳು ಬಿಸಿಲಿನಲ್ಲಿ ಕರಗಿದಂತೆ ಹಿಂದೆ ಸರಿಯುತ್ತಿದ್ದವು. ಅಜ್ಜಿಗೆ ಅವು ಕಾಣುತ್ತಿದ್ದವೋ ಇಲ್ಲವೋ, ಮುಖವನ್ನಂತೂ ಅತ್ತಲೇ ಹಿಡಿದಿದ್ದರು. ಅರ್ಧ ದಾರಿಯಲ್ಲಿ ಕೋಪ ಇಳಿಯಿತು. ರುದ್ರಾಣಿಯ ದುಪಟ್ಟಾವನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, "ಅಸ್ರು ಬಣ್ಣ ಚೆಂದಾಗೊಪ್ತದೆ ನಿಂಗೆ" ಎಂದರು. ಬಟ್ಟೆ ನೀಲಿಯದು. ರುದ್ರಾಣಿ ಹೂಂ ಎಂದಳು.

ಲ್ಯಾಬಿನವರು ಚೀಟಿ ಕೊಟ್ಟರು. ಸೊನ್ನೆ ಇದ್ದ ಜಾಗಕ್ಕೆ ಈಗ ಮುನ್ನೂರ ಅರವತ್ತೆರಡು ಬಂದಿತ್ತು.

ಭಾನುವಾರದ ಬಸ್ಸು ಪುಟ್ಟಗೌರಮ್ಮನವರನ್ನು ಬಿಟ್ಟು ಹೋಯಿತು. "ಮೂರು ತಿಂಗ್ಳು ಮಾತ್ರೆ ನುಂಗಿ ಅಜ್ಜಿ, ಆಮೇಲೆ ನಾನೇ ಹೆಸ್ರು ಸೇರಿಸ್ತೀನಿ" ಎಂದು ರುದ್ರಾಣಿ ಹೇಳಿದ್ದಳು. ಅಜ್ಜಿ ಗಂಟನ್ನು ಮಡಿಲಿಗೆ ಎಳೆದುಕೊಂಡಿದ್ದರು.

ಮುಂದಿನ ಹದಿನೈದು ದಿನ ಅವಳು ಸರ್ವರಿಗೆ ನೋಡುವುದನ್ನು ಕಲಿಸಿದಳು. ಪುಟದ ಕಾವಲನ್ನು ತೆಗೆಯಲಿಲ್ಲ. ತುಂಬುವವರಿಗೆ ಅದರಿಂದ ಅನುಕೂಲವಿತ್ತು. ಆದರೆ ಪುಟ ಏನೇ ಹೇಳಲಿ, ಅರ್ಜಿ ಎಲ್ಲಿಂದಲೇ ಬರಲಿ, ಆ ತುದಿಯಲ್ಲಿ ಪ್ರತಿ ಖಾನೆಯನ್ನೂ ಹೊಸದಾಗಿ ಮುಟ್ಟಿ ನೋಡಬೇಕು. ಏನಾದರೂ ಬರೆದಿದೆಯೇ? ಬರೆದದ್ದು ಅಂಕಿಯೇ? ಬದುಕಿರುವ ಮನುಷ್ಯರ ಅಂಕಿಯೇ? ಒಂದಕ್ಕೆ ಇಲ್ಲ ಎಂದು ಬಂದರೂ ಅರ್ಜಿ ಒಳಗೆ ಹೋಗುವುದಿಲ್ಲ, ಕಾರಣದೊಂದಿಗೆ ಹಿಂದಿರುಗುತ್ತದೆ. ನಂಜನಗೂಡಿನ ಕಂಪ್ಯೂಟರುಗಳಲ್ಲಿ ಕನ್ನಡ ಅಕ್ಷರಗಳು ಬರೀ ಚೌಕಗಳಾಗಿ ಕಾಣುತ್ತಿದ್ದುದರಿಂದ, ಖಾನೆಗಳ ಹೆಸರುಗಳಂತೆ ಕಾರಣಗಳನ್ನೂ ಚಿತ್ರಗಳಾಗಿ ಬರೆದಿಟ್ಟಳು. ಮೋಡೆಮ್ ಕೂಗುವ ಹೊತ್ತಿನಲ್ಲಿ ನದಿಯ ಕಡೆ ನೋಡಿದರೆ ಈಗ ಆ ತಣ್ಣನೆಯ ಕೋಣೆಯ ಬಾಗಿಲಲ್ಲಿ ಯಾರೋ ಇದ್ದಂತೆ ಕಾಣುತ್ತಿತ್ತು. ಪಂಚೆ ಮೇಲೆತ್ತಿ ಕಟ್ಟಿದ, ಸನಿಕೆ ಹಿಡಿದ ಒಬ್ಬ ಮನುಷ್ಯ. ತೇಲಿ ಬಂದ ಒಂದೊಂದು ಎಲೆಯ ಮೇಲೂ ಅವನು ಅವಸರವಿಲ್ಲದೆ ಹಿಮ್ಮಡಿ ಊರುತ್ತಿದ್ದ.

ಮೊದಮೊದಲು ಅವಳು ವಿಪರೀತ ಬಿಗಿ ಮಾಡಿದಳು. ಫೋನಿನ ಖಾನೆಯಲ್ಲಿ ಅಂಕಿಯ ಜೊತೆ 'ಪಿ.ಪಿ.', ಅಂದರೆ ಪಕ್ಕದ ಮನೆಯವರ ಫೋನು, ಎಂದಿದ್ದ ಅರ್ಜಿಗಳೆಲ್ಲ ವಾಪಸಾದವು. ಊಟಕ್ಕೆ ಕೂತಾಗ ಅಪ್ಪನಿಗೆ ಅದನ್ನು ಹೇಳಿದಳು.

ಸಿದ್ದಯ್ಯ ನಕ್ಕ. "ನಮ್ದೂ ಪಕ್ಕದ್ಮನೆ ಬಸವಣ್ಣನ ಫೋನೇ ಅಲ್ವೇನವ್ವ? ಅಂಗಾದ್ರೆ ನಾನೂ ವಾಪಸ್ಸಾ? ನೋಡು ಅಂದ್ರೆ ಓಡ್ಸು ಅಂತಲ್ಲ ಕಣವ್ವ."

ಮಾರನೆಯ ದಿನ ಅವಳು ಎಂಟನೆಯ ಖಾನೆಯೊಂದನ್ನು ಸೇರಿಸಿದಳು: ಯಾರ ಮನೆಯ ಫೋನು?

ಮುಂದಿನ ಶಿಬಿರಕ್ಕೆ ಅರ್ಜಿಗಳು ಶುರುವಾದ ದಿನವೇ ಮದನ್‌ನ ಫೋನು ಬಂತು. "ಏನ್ ಮೇಡಂ, ನಿಮ್ ಸರ್ವರ್‌ಗೆ ನನ್ ಕಂಡ್ರೆ ಆಗಲ್ವಾ? ಎಲ್ಡು ಸಲ ಎಸೆದ್ಬಿಡ್ತು."

"ಏನ್ ಬರ್ದಿದ್ರಿ?"

"ವಯಸ್ಸಿನ ಕಡೆ, ಎಪ್ಪತ್ತಕ್ಕೆ ಎಲ್ಡು ಕಮ್ಮಿ ಅಂತ. ಅಜ್ಜಿ ಹಂಗೇ ಬರಿ ಅಂತು."

"ಯಾವ ಅಜ್ಜಿ?"

"ಅದೇ, ದೇವನೂರಿಂದು. ಪಕ್ಕದಲ್ಲೇ ಕೂತು ಬೈತಾ ಅವ್ರೆ. ನಿಮ್ಗಲ್ಲ, ನಂಗೆ."

ಮೂರನೆಯ ಸಲಕ್ಕೆ ಸರ್ವರ್ ಒಪ್ಪಿತು. ಸಕ್ಕರೆ ನೂರ ನಲವತ್ತೆರಡು, ಲ್ಯಾಬಿನ ವರದಿ ಅಜ್ಜಿಯ ಗಂಟಿನಲ್ಲೇ ಇತ್ತು. ಆಸ್ಪತ್ರೆಯಲ್ಲಿ ಮತ್ತೊಮ್ಮೆ ರಕ್ತ ನೋಡುವಂತೆ ಶಂಭುಲಿಂಗಪ್ಪ ಈ ಸಲ ತಾವೇ ಹೋಗಿ ಹೇಳಿ ಬಂದರು.

ಶಸ್ತ್ರಚಿಕಿತ್ಸೆಯಾಗಿ ತಿಂಗಳು ಕಳೆದ ಮೇಲೆ, ಒಂದು ಮಧ್ಯಾಹ್ನ, ಪುಟ್ಟಗೌರಮ್ಮ ಗೊಬ್ಬರದಂಗಡಿಯ ಮೆಟ್ಟಿಲನ್ನು ಯಾರ ಕೈಯನ್ನೂ ಹಿಡಿಯದೆ ಹತ್ತಿ ಬಂದರು.

"ಎಲ್ಲಿ, ನನ್ನ ವಾಪಸ್ ಕಳಿಸ್ತಲ್ಲ, ಆ ಮಿಸನ್ನು ತೋರ್ಸು."

"ಅದು ಇಲ್ಲಿಲ್ಲ ಅಜ್ಜಿ. ದೂರ ಅದೆ. ನಾನೇ ನೋಡಿಲ್ಲ."

"ನೋಡ್ದೇನೇ ಅದ್ರ ಕೈಲಿ ಕೆಲ್ಸ ಮಾಡಿಸ್ತೀಯಾ? ಬಲೇ ಎಣ್ಣು!"

ಅವರು ನಾಲ್ಕು ಕಂಪ್ಯೂಟರುಗಳನ್ನೂ ಒಂದೊಂದಾಗಿ ದಿಟ್ಟಿಸಿದರು. ಕಿಟಕಿಯ ಹತ್ತಿರ ಹೋಗಿ ನದಿಗಳು ಸೇರುವ ಜಾಗವನ್ನು ಬಹಳ ಹೊತ್ತು ನೋಡಿದರು. ನಂಜನಗೂಡಿನ ಕಡೆಯಿಂದ ಕಪಿಲೆಯ ನೀರು ನಿಧಾನವಾಗಿ ಬರುತ್ತಿತ್ತು. ಆಮೇಲೆ ತಿರುಗಿ ರುದ್ರಾಣಿಯನ್ನು ಮೇಲಿನಿಂದ ಕೆಳಗಿನವರೆಗೆ ಕಣ್ಣು ಕಿರಿದಾಗಿಸಿ ನೋಡಿದರು. ಅವಳು ಅವತ್ತೂ ಅದೇ ಬಟ್ಟೆ ಹಾಕಿದ್ದಳು.

"ನೀಲಿ" ಎಂದರು ಪುಟ್ಟಗೌರಮ್ಮ.

ರುದ್ರಾಣಿ ನಕ್ಕಳು.

"ನೀಲಿ ಬಟ್ಟೇನ ಅಸ್ರು ಅಂದಿದ್ನಲ್ಲೇ ಬಸ್ಸಲ್ಲಿ! ಊ ಅಂತ ಸುಮ್ಕೆ ಕೂತ್ಕಂಡಿದ್ಯಲ್ಲ? ಅಲ್ಲ ಅಂತ ಅನ್ನಕ್ಕೇನಾಗಿತ್ತು ನಿಂಗೆ?"

"ಅವತ್ತು ಜಗಲೀಲಿ ಆಗ್ಲೇ ಒಂದ್ಸಲ ಬ್ಯಾಡ ಅಂದಿದ್ನಲ್ಲಜ್ಜಿ, ಮತ್ತೆ ಅಲ್ಲ ಅನ್ನಕ್ಕೆ ಮನ್ಸು ಬರ್ನಿಲ್ಲ" ಎಂದಳು ರುದ್ರಾಣಿ.

ಪುಟ್ಟಗೌರಮ್ಮ ದುಪಟ್ಟಾದ ಅಂಚನ್ನು ಬೆರಳಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, ಬಿಟ್ಟರು.