ಏಜಾಜನ ಅಸಲಿ ತಾರೀಖು

ಆಳಂದದ ಬಸ್ ಸ್ಟ್ಯಾಂಡಿನ ಎದುರು ಝೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ಏಜಾಜನಿಗೆ ಜೂನ್ ಒಂದನೇ ತಾರೀಖಿನಷ್ಟು ಹೇಸಿಗೆ ಹುಟ್ಟಿಸುವ ಸಂಗತಿ ಭೂಮಿಯ ಮೇಲೆ ಇನ್ನೊಂದಿರಲಿಲ್ಲ. ಅರ್ಜಿ ತುಂಬಿಸಲು ಬಂದವರು ಆಧಾರ್ ಕಾರ್ಡ್ ಮುಂದಿಟ್ಟರೆ ಹತ್ತರಲ್ಲಿ ಆರು ಮಂದಿ ಆವತ್ತೇ ಹುಟ್ಟಿದವರು. ಗಂಡ ಆವತ್ತೇ, ಹೆಂಡತಿ ಆವತ್ತೇ, ಅವಳನ್ನು ಹೆತ್ತವಳೂ ಆವತ್ತೇ. ಕಾರಣ ಯಾರಿಗೆ ಗೊತ್ತಿಲ್ಲ? ಶಾಲೆಗೆ ಸೇರಿಸಲು ತಂದ ಮಗುವಿನ ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುವುದು, ಕಿವಿ ಸಿಕ್ಕರೆ ಆರು ವರ್ಷ ತುಂಬಿತು ಎನ್ನುವುದು, ಶಾಲೆ ತೆರೆಯುವ ಜೂನ್ ಒಂದನ್ನೇ ಹುಟ್ಟಿದ ದಿನವೆಂದು ಬರೆದುಕೊಳ್ಳುವುದು. ಹೆಡ್ಮಾಸ್ತರರ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು.

"ಆವತ್ತು ಹೆರಿಗಿ ದವಾಖಾನ್ಯಾಗ ಪಾಳಿ ಹಚ್ಚಿದ್ರೇನ್ರಿ?" ಎಂದು ಏಜಾಜ ಗಿರಾಕಿಗಳನ್ನು ಕೇಳುವನು. ಅವರು ನಗುವರು. ತಮ್ಮನ್ನು ಹೀಯಾಳಿಸಿದ್ದಕ್ಕೂ ನಗುವ ಜನ ಎಂದು ಅವನಿಗೆ ಇನ್ನಷ್ಟು ತಾತ್ಸಾರ.

ಇಷ್ಟು ಸೊಕ್ಕಿಗೆ ಅವನ ಬಳಿ ಎರಡು ಬಂಡವಾಳಗಳಿದ್ದವು. ಮೊದಲನೆಯದು ಅವನು ಬರೆದ ಲೈಬ್ರರಿ. ಪುಸ್ತಕ ಇಡುವ ಲೈಬ್ರರಿಯಲ್ಲ, ಬೇರೆ ಪ್ರೋಗ್ರಾಮು ಬರೆಯುವವರು ಪುಕ್ಕಟೆ ಎತ್ತಿಕೊಂಡು ಬಳಸುವ ಸಿದ್ಧ ಕೋಡು. ಕಂಪ್ಯೂಟರ್ ಆಟಗಳ ಫೈಲಿನೊಳಗೆ ಆಟಗಾರನ ಹುಟ್ಟಿದ ತಾರೀಖು ತಾರೀಖಾಗಿ ಇರುವುದಿಲ್ಲ. ಸಾವಿರದ ಒಂಬೈನೂರನೇ ಇಸವಿಯ ಮೊದಲ ದಿನದಿಂದ ಎಷ್ಟನೆಯ ದಿನ ಎಂಬ ಬರಿಯ ಅಂಕಿಯಾಗಿ ಇರುತ್ತದೆ. ಆ ಅಂಕಿಯನ್ನು ತಾರೀಖು ಮಾಡುವುದು, ತಾರೀಖನ್ನು ಮತ್ತೆ ಅಂಕಿ ಮಾಡುವುದು, ನಡುವೆ ಬರುವ ಫೆಬ್ರವರಿ ಇಪ್ಪತ್ತೊಂಬತ್ತುಗಳಲ್ಲಿ ಒಂದೂ ಜಾರದಂತೆ ನೋಡಿಕೊಳ್ಳುವುದು ಈ ಲೈಬ್ರರಿಯ ಕೆಲಸ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಮೂರು ವರ್ಷ ಕೂತು ಬರೆದಿದ್ದ. ಪೋಲೆಂಡ್, ಬ್ರೆಜಿಲ್ ಎಂದು ನಲವತ್ತೊಂದು ಮಂದಿ ಅದನ್ನು ಬಳಸುತ್ತಿದ್ದರು. ಕೆಲಸ ಚೊಕ್ಕವಾಗಿತ್ತು, ಅದನ್ನು ಅಲ್ಲಗಳೆಯುವಂತಿಲ್ಲ.

ಎರಡನೆಯ ಬಂಡವಾಳ ಅವನ ಕುರ್ಚಿಯ ಹಿಂದೆ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದ ಒಂದು ಚೀಟಿ. ತೀರಿಹೋದ ತಂದೆ ಖಾದರಸಾಬ ಮಗ ಹುಟ್ಟಿದ ದಿನ ಉರ್ದು ಅಂಕಿಗಳಲ್ಲಿ ಬರೆದಿಟ್ಟ ಹನ್ನೆರಡು, ಒಂಬತ್ತು. ಅದನ್ನು ತೋರಿಸಿಯೇ ಶಾಲೆಯಲ್ಲಿ ಸೆಪ್ಟೆಂಬರ್ ಹನ್ನೆರಡು ಎಂದು ಬರೆಸಿದ್ದರು. ಇಸವಿ ಮಾತ್ರ ಹೆಡ್ಮಾಸ್ತರರು ಕಿವಿ ಮುಟ್ಟಿಸಿ ತೊಂಬತ್ತನಾಲ್ಕು ಎಂದು ಸೇರಿಸಿದ್ದು. ತರಗತಿಯಲ್ಲಿ ಅಸಲಿ ತಾರೀಖು ಇದ್ದವನು ತಾನೊಬ್ಬನೇ ಎಂದು ಏಜಾಜ ಅಂದಿನಿಂದ ಎದೆಯುಬ್ಬಿಸಿದವನು ಮೂವತ್ತೊಂದಾದರೂ ಇಳಿಸಿರಲಿಲ್ಲ. ಚೀಟಿಯನ್ನು ಲ್ಯಾಮಿನೇಶನ್ ಮಾಡಿಸಿದ್ದ. ಸಾಲದೆಂಬಂತೆ ಲೈಬ್ರರಿಯ ಮೊದಲ ಪುಟದಲ್ಲಿ, ಸರಿಯಾದ ತಾರೀಖು ಹೇಗಿರಬೇಕು ಎಂಬುದಕ್ಕೆ ಉದಾಹರಣೆಯಾಗಿ 12-09-1994 ಎಂದು ತನ್ನದನ್ನೇ ಕೊಟ್ಟಿದ್ದ. ನಲವತ್ತೊಂದು ಮಂದಿಯೂ ಅದನ್ನು ಹಾಗೆಯೇ ನಕಲು ಮಾಡಿಕೊಂಡಿದ್ದರು.

ಜೂನ್ ಒಂದರ ಮೇಲಿನ ಹಗೆಯನ್ನೂ ಲೈಬ್ರರಿಯಲ್ಲಿ ತೀರಿಸಿಕೊಂಡಿದ್ದ. ಒಂದೇ ತಂಡದ ಮೂವರಿಗಿಂತ ಹೆಚ್ಚು ಜನ ಒಂದೇ ತಿಂಗಳ ಒಂದೇ ದಿನ ಹುಟ್ಟಿದ್ದರೆ ಅದು ಕೆಟ್ಟ ಫೈಲು, ತೆಗೆದು ಹಾಕು ಎಂಬ ನಿಯಮ. ಅದಕ್ಕೆ ಅವನಿಟ್ಟ ಹೆಸರು 'ಹೆಡ್ಮಾಸ್ಟರ್'. ಪೋಲೆಂಡಿನವರಿಗೆ ಅದರ ಅರ್ಥ ಆಗಲಿಲ್ಲ, ಅಡ್ಡಿಯೂ ಆಗಲಿಲ್ಲ. ಅಡ್ಡಿಯಾದದ್ದು ನಿಂಬರ್ಗಾದ ಸಿದ್ದಲಿಂಗನಿಗೆ.

ಸಿದ್ದಲಿಂಗ ಏಜಾಜನ ಜೊತೆ ನರೋಣಾದ ಹೈಸ್ಕೂಲಿನಲ್ಲಿ ಓದಿದವನು, ಕಬಡ್ಡಿಯಲ್ಲಿ ಸುತ್ತಲಿನ ಹಳ್ಳಿಗಳ ತಂಡಗಳಿಗೆ ಮಣ್ಣು ಮುಕ್ಕಿಸಿದವನು. ಎರಡು ವರ್ಷದ ಹಿಂದೆ ಮೊಣಕಾಲು ಮುರಿದು ಅಂಗಳದಾಚೆ ಕೂತ. ಈಗ ಸೊಲ್ಲಾಪುರದ ಇಬ್ಬರು ಹುಡುಗರು ಮೊಬೈಲಿಗೆ ಕಬಡ್ಡಿ ಆಟವೊಂದನ್ನು ಮಾಡಿ, ಊರೂರಿನ ತಂಡಗಳನ್ನು ಅದರೊಳಗೆ ಸೇರಿಸಿಕೊಳ್ಳುತ್ತಿದ್ದರು. ಹೆಸರು, ಊರು, ಹುಟ್ಟಿದ ತಾರೀಖು ಕೊಟ್ಟರೆ ಆಯಿತು. ಕಾಲು ಸರಿಯಿಲ್ಲದಿದ್ದರೂ ಅಲ್ಲಿ ಆಡಬಹುದಲ್ಲ ಎಂದು ಸಿದ್ದಲಿಂಗ ತನ್ನ ಹಳೆಯ ತಂಡದ ಏಳು ಮಂದಿಯ ಫೈಲು ಕಳಿಸಿದ. ಏಳೂ ಜೂನ್ ಒಂದು. ಫೈಲು ಮೂರು ಸಲ ವಾಪಸು ಬಂತು. ನಾಲ್ಕನೆಯ ಸಲ ಆ ಹುಡುಗರು, ತಪ್ಪು ನಮ್ಮದಲ್ಲ, ಲೈಬ್ರರಿ ಬೇಡ ಅನ್ನುತ್ತಿದೆ, ಬರೆದವನು ನಿಮ್ಮ ಆಳಂದದವನೇ ಎಂದರು. ಪಟ್ಟಿ ಮುಚ್ಚಲು ಉಳಿದದ್ದು ಒಂದೇ ದಿನ.

ಕುಂಟುತ್ತ ಅಂಗಡಿಗೆ ಬಂದ ಗೆಳೆಯನಿಗೆ ಏಜಾಜ ಕೂಡು ಅನ್ನಲಿಲ್ಲ. ಮೂಲೆಯಲ್ಲಿ ಲ್ಯಾಮಿನೇಶನ್ ಯಂತ್ರದ ಮುಂದಿದ್ದ ಏಜಾಜನ ತಾಯಿ ಚಮನಬಿಯೇ ಸ್ಟೂಲು ಸರಿಸಿಕೊಟ್ಟಳು.

"ಆ ನಿಯಮ ಒಂದ್ ತಗೀಲೇ ಏಜಾಜ. ನಾಳಿಗೆ ಮುಗೀತದ" ಎಂದ ಸಿದ್ದಲಿಂಗ.

"ಸುಳ್ಳ್ ತಾರೀಖಿಗೆ ನನ್ನ ಲೈಬ್ರರ್‍ಯಾಗ ಜಾಗ ಇಲ್ಲ. ಏಳೂ ಮಂದಿ ಒಂದ ದಿನ ಹುಟ್ಟೀರಿ ಅಂದ್ರ ನೀವೇನ್ ಮನುಷ್ಯಾರೋ, ಕೋಳಿಮರಿಗಳೋ?"

"ಸುಳ್ಳ ಅದ, ಖರೇನ. ಆದ್ರ ನಮ್ಮ ಹಂತ್ಯಾಕ ಬ್ಯಾರೆ ಯಾವ್ದದ? ಅದನ್ನ ಬರದೀವಿ."

"ನಮ್ಮಪ್ಪ ಬರದಿಟ್ಟಾನ, ನೋಡಿಲ್ಲಿ." ಏಜಾಜ ಹೆಬ್ಬೆರಳನ್ನು ಹಿಂದಕ್ಕೆ ತಿರುಗಿಸಿ ಗೋಡೆ ತೋರಿಸಿದ. "ನಿಮ್ಮಪ್ಪಗ ಒಂದ್ ಚೀಟಿ ಬರ್‍ಯಾಕ ಆಗ್ಲಿಲ್ಲಂದ್ರ ನಾ ಏನ್ ಮಾಡ್ಲಿ?"

ಯಂತ್ರದಿಂದ ಯಾರದೋ ಪಡಿತರ ಚೀಟಿ ಬಿಸಿಬಿಸಿಯಾಗಿ ಹೊರಬರುತ್ತಿತ್ತು. ಚಮನಬಿ ಅದನ್ನು ಎಳೆದಿಟ್ಟು ಮಗನ ಕಡೆ ನೋಡಿದಳು. ಮನೆಯಲ್ಲಿ ಉರ್ದುವಿನಲ್ಲಿ ಬಯ್ಯುವವಳು, ಹೊರಗಿನವನ ಮುಂದೆ ಎಂದು ಕನ್ನಡದಲ್ಲೇ ಬಯ್ದಳು.

"ಅವರಪ್ಪನ ಹೆಸರ ಯಾಕ ತಗೀತಿ? ಅದನ್ನ ತಿರುವಿ ನೋಡು ಮೊದಲ. ಹಿಂದ ಏನದ?"

ಏಜಾಜ ಓದಿದ್ದು ಕನ್ನಡ ಶಾಲೆ. ಉರ್ದುವಿನಲ್ಲಿ ಅಂಕಿ ಬಿಟ್ಟರೆ ಅಕ್ಷರ ಬಾರದು. ಅಮ್ಮ ಬಿಡುವವಳಲ್ಲ ಎಂದು ಮೊಳೆಯಿಂದ ಚೀಟಿ ಕಿತ್ತು ಕೊಟ್ಟ. ಅವಳು ತಿರುವಿ, ಬೆರಳಿಟ್ಟು ಓದಿದಳು.

"ಸಹರಿ ಟೈಮ್, ಇಫ್ತಾರ್ ಟೈಮ್. ಉಪಾಸ ಹಿಡಿಯೋ ಹೊತ್ತ, ಬಿಡೋ ಹೊತ್ತ. ಇದು ಉರ್ದು ಕ್ಯಾಲೆಂಡರಿನ ತುಂಡ ಅದ ಬೇಟಾ. ನೀ ಹುಟ್ಟಿದಾಗ ಹನ್ನೆರಡನೇ ರೋಜಾ. ಬಿಳಿಜೋಳ ಕೊಯ್ಯಾಕತ್ತಿದ್ರು. ಒಂಬತ್ತ ಅಂದ್ರ ರಮಜಾನ್, ಒಂಬತ್ತನೇ ತಿಂಗಳ. ಆ ಮಾಸ್ತರ ಸೆಪ್ಟೆಂಬರ್ ಅಂತ ಬರಕೊಂಡ."

ಬಿಳಿಜೋಳ ಕೊಯ್ಯುವುದು ಸೆಪ್ಟೆಂಬರಿನಲ್ಲಲ್ಲ ಎಂಬುದು ಆಳಂದದಲ್ಲಿ ಹುಟ್ಟಿದ ಯಾರಿಗೂ ಹೇಳಬೇಕಾಗಿಲ್ಲ. ತುಂಡಿನ ಅಂಚಿನಲ್ಲಿ 1414 ಎಂದು ಹಿಜರಿ ಇಸವಿಯೂ ಇತ್ತು. ಅದನ್ನು ಏಜಾಜ ಇಷ್ಟು ದಿನ ಛಾಪಖಾನೆಯ ಫೋನ್ ನಂಬರಿನ ಚೂರು ಎಂದುಕೊಂಡಿದ್ದ, ಮಹಾ ತಾರೀಖು ಪಂಡಿತ! ಚಾಂದ್ರಮಾನದ ತಾರೀಖುಗಳನ್ನೂ ಸೇರಿಸು ಎಂದು ಯಾರೋ ಲೈಬ್ರರಿಗೆ ಬರೆದಾಗ, ಚಂದ್ರ ನೋಡಿ ಎಣಿಸುವುದು ಲೆಕ್ಕವೇ ಅಲ್ಲ ಎಂದು ಇವನೇ ಉಗಿದಿದ್ದ. ಈಗ ಬೇರೆಯವರ ಲೈಬ್ರರಿ ತೆರೆದು ತಡಕಾಡಿದ. ಫೆಬ್ರವರಿ ಇಪ್ಪತ್ಮೂರು ಬಂತು. ಇಪ್ಪತ್ನಾಲ್ಕೂ ಇರಬಹುದು, ನಿಮ್ಮ ಊರಿನಲ್ಲಿ ಚಂದ್ರ ಯಾವತ್ತು ಕಂಡ ಎಂಬುದರ ಮೇಲೆ ನಿಂತಿದೆ ಎಂದು ಅಡಿಯಲ್ಲಿ ಬರೆದಿತ್ತು.

"ಮೊದಲ ಯಾಕ ಹೇಳ್ಲಿಲ್ಲ ಅಮ್ಮಾ?"

"ನೀ ಯಾವಾಗ ಕೇಳಿದಿ? ಮೂವತ್ತ ವರ್ಷ ಬರೇ ಹೇಳಾಕತ್ತೀದಿ."

ತನ್ನ ಎಲೆಯಲ್ಲಿ ಕತ್ತೆ ಸತ್ತು ಬಿದ್ದಿರುವಾಗ ಪಕ್ಕದ ಎಲೆಯ ನೊಣ ಓಡಿಸಿದವನ ಮುಖ ನೋಡಬೇಕಿತ್ತು. ಸಿದ್ದಲಿಂಗ ನೋಡಿದ. ನಗಲಿಲ್ಲ ಎಂದು ಬರೆದರೆ ಸುಳ್ಳಾದೀತು. ಸ್ಟೂಲಿನಿಂದ ಬೀಳುವಷ್ಟು ನಕ್ಕ.

"ನಮ್ದು ಸುಳ್ಳ ಅಂತ ನಮಗರೆ ಗೊತ್ತದ ದೋಸ್ತ" ಎಂದ, ಕಣ್ಣೊರೆಸಿಕೊಂಡು.

ಏಜಾಜ ಕೀಲಿಮಣೆಗೆ ಕೈಹಾಕಿ 'ಹೆಡ್ಮಾಸ್ಟರ್' ನಿಯಮವನ್ನು ಅಳಿಸಿದ. ಸುಧಾರಿಸಿದ ಎಂದುಕೊಳ್ಳಬೇಡಿ. ಕಾರಣ ಬರೆಯುವ ಜಾಗದಲ್ಲಿ 'ಬಳಕೆದಾರರ ಅನುಕೂಲಕ್ಕಾಗಿ' ಎಂದು ಬರೆದ. ಮೊದಲ ಪುಟದ ಉದಾಹರಣೆಯನ್ನು ಬದಲಿಸಲು ಹೋದ. ಬದಲಿಸಿದರೆ ಅದನ್ನು ನಕಲು ಮಾಡಿಕೊಂಡ ನಲವತ್ತೊಂದು ಮಂದಿಯೂ ಯಾಕೆಂದು ಕೇಳುತ್ತಾರೆ. ಹಾಗಾಗಿ ಸರಿಯಾದ ತಾರೀಖಿನ ಮಾದರಿಯಾಗಿ ಆ ಸುಳ್ಳು ಈಗಲೂ ಅಲ್ಲೇ ಇದೆ.

ಮರುದಿನ ಪಟ್ಟಿ ಮುಚ್ಚುವ ಮೊದಲು ಸಿದ್ದಲಿಂಗ ಫೈಲನ್ನು ಮತ್ತೆ ಸೊಲ್ಲಾಪುರಕ್ಕೆ ಕಳಿಸಿದ. ಸರಿಯಿದೆಯೇ ನೋಡು ಎಂದು ಅವನು ಏಜಾಜನಿಗೂ ಕಳಿಸಿದ್ದ. ಏಳು ಹೆಸರುಗಳ ಕೆಳಗೆ ಎಂಟನೆಯದೊಂದು ಸೇರಿತ್ತು. ಶಾಲೆಯಲ್ಲಿದ್ದಾಗ ಕಬಡ್ಡಿಗೆ ಕರೆದರೆ ಬಟ್ಟೆ ಮಣ್ಣಾಗುತ್ತದೆ ಎಂದು ಒಂದು ದಿನವೂ ಅಂಗಳಕ್ಕೆ ಇಳಿಯದವನ ಹೆಸರು: ಏಜಾಜ, ನಿಂಬರ್ಗಾ ತಂಡ, ಹೆಚ್ಚುವರಿ ಆಟಗಾರ, ಹುಟ್ಟಿದ್ದು ಜೂನ್ ಒಂದು, ತೊಂಬತ್ತನಾಲ್ಕು.

ಏಜಾಜ ಅದನ್ನು ತನ್ನ ಲೈಬ್ರರಿಗೆ ಕೊಟ್ಟ. ಅದು ಒಂದು ಮಾತೂ ಆಡದೆ ಒಪ್ಪಿಕೊಂಡಿತು. ಅವನೂ ಆ ಸಾಲನ್ನು ಅಳಿಸಲಿಲ್ಲ.