ಅವ್ವನ ಬೆರಳು, ಝೆರಾಕ್ಸ್ ಮೋಟರು

ಅವ್ವನ ಬಲ ಹೆಗಲು ಹಿಡಿದುಕೊಂಡ ಮೇಲೆ ನಮ್ಮ ಬೆಟಗೇರಿ ಮನೆಯಲ್ಲಿ ರಾಟಿ ತಿರುಗಿಸುವವರೇ ಇಲ್ಲವಾದರು. ರಾಟಿ ನಿಂತರೆ ಲಾಳಿಯೊಳಗೆ ಕೂರಿಸುವ ನೂಲಿನ ಕಂಡಿಕೆ ಇಲ್ಲ, ಕಂಡಿಕೆ ಇಲ್ಲದೆ ಅಪ್ಪನ ಮಗ್ಗವೂ ನಡೆಯುವುದಿಲ್ಲ. ಮಗ್ಗದ ಮೇಲಿನ ಸೀರೆ ಸೆರಗಿನ ಹತ್ತಿರ ಬಂದು ನಿಂತುಬಿಟ್ಟಿತ್ತು. ಸೆರಗಿಗೆಂದು ಉಳಿದದ್ದು ಒಂದೇ ಲಡಿ ಕೆಂಪು ರೇಷ್ಮೆ. ಅದು ಕೆಟ್ಟರೆ ಅದೇ ಕೆಂಪು ಮತ್ತೆ ಸಿಗುವುದಿಲ್ಲ. ಬಣ್ಣದವನು ಇನ್ನೊಮ್ಮೆ ಅದ್ದಿ ಕೊಟ್ಟರೆ ಅದು ಬೇರೆಯೇ ಕೆಂಪು.

ನಾನು ಝೆರಾಕ್ಸ್ ಮಷೀನು ರಿಪೇರಿ ಮಾಡುವವನು. ಮುಂಡರಗಿಯ ಕಚೇರಿಯೊಂದು ಗುಜರಿಗೆ ಹಾಕಿದ ಮಷೀನಿನಿಂದ ದೊಡ್ಡ ಮೋಟರು ಕಿತ್ತು, ಹಳೆಯ ಪ್ರಿಂಟರಿನ ಸರಳು, ಬೆಲ್ಟು ಸೇರಿಸಿ, ಕಂಡಿಕೆ ಸುತ್ತುವ ಯಂತ್ರ ಕಟ್ಟಿದೆ. ಕಾಗದ ಮುಗಿದದ್ದನ್ನು ಮಷೀನಿಗೆ ತಿಳಿಸುವ ಪುಟ್ಟ ಪ್ಲಾಸ್ಟಿಕ್ ಕಡ್ಡಿ ಇರುತ್ತದಲ್ಲ, ಅದನ್ನು ನೂಲಿನ ಮೇಲೆ ಕೂರಿಸಿದೆ. ನೂಲು ಹರಿದರೆ ಕಡ್ಡಿ ಬೀಳುತ್ತದೆ, ಮೋಟರು ನಿಲ್ಲುತ್ತದೆ. ಆ ಮಷೀನಿನಲ್ಲಿ ಮುಚ್ಚಳ ತೆರೆದರೆ ನಿಲ್ಲಿಸುವ ಸ್ವಿಚ್ಚೂ ಒಂದಿತ್ತು. ನನ್ನ ಯಂತ್ರಕ್ಕೆ ಮುಚ್ಚಳವೇ ಇಲ್ಲ, ಇದು ಯಾಕೆ ಎಂದು ಡಬ್ಬಿಗೆ ಎಸೆದೆ. ಜಾಣತನ ತಲೆಗೇರಿತ್ತು.

"ಕೈ ಹಚ್ಚಬ್ಯಾಡ ನೋಡವ್ವ, ಸುಮ್ನ ಕುಂಡ್ರು" ಎಂದು ಹೇಳಿ, ಕೆಂಪು ಲಡಿಯನ್ನು ಯಂತ್ರಕ್ಕೆ ಏರಿಸಿ, ಬಾಗಿಲ ಬಳಿಯ ಗೋಡೆಯ ಸ್ವಿಚ್ಚು ಒತ್ತಿ, ಮಗ್ಗದ ಈಚೆ ಅವಳ ಎದುರು ಬಂದು ನಿಂತೆ. ಯಂತ್ರ ಚೆನ್ನಾಗಿಯೇ ಹೊರಟಿತು. ಆದರೆ ಸಣ್ಣವಳಿದ್ದಾಗಿನಿಂದ ಒದ್ದೆ ಬೆರಳುಗಳ ನಡುವೆ ನೂಲು ಹಾಯಿಸಿ ಗಂಟು ಹುಡುಕಿದವಳು ಸುಮ್ಮನೆ ಕೂರುತ್ತಾಳೆಯೇ? ಬಟ್ಟಲಿನ ನೀರಿಗೆ ಬೆರಳು ಅದ್ದಿ ನೂಲು ಹಿಡಿದೇಬಿಟ್ಟಳು. ಅಷ್ಟರಲ್ಲಿ ಲಡಿಯಲ್ಲೊಂದು ಸಿಕ್ಕು ಬಂದು, ನೂಲು ಅವಳ ಬೆರಳಿಗೆ ಸುತ್ತಿಕೊಂಡಿತು.

ಮೋಟರು ಎಳೆಯುತ್ತಲೇ ಇತ್ತು. ಜಗ್ಗಿದರೆ ನೂಲು ಹರಿದೀತೆಂದು ಅವ್ವ ಕೈಯನ್ನು ನೂಲಿನ ಹಿಂದೆಯೇ ಬಿಟ್ಟಳು. ಕೈ ತಿರುಗುವ ಕದಿರಿನ ಹತ್ತಿರ ಹತ್ತಿರ ಹೋಗುತ್ತಿತ್ತು. ಬೆರಳ ತುದಿ ನೀಲಿಯಾಗಿತ್ತು. ನೂಲು ಬಿಗಿಯಾಗಿಯೇ ಇದ್ದದ್ದರಿಂದ ನನ್ನ ಕಡ್ಡಿ ಬೀಳಲಿಲ್ಲ.

"ನೂಲು ಹರಿಯವ್ವ!"

"ಬ್ಯಾಡ, ಹರೀಬ್ಯಾಡ! ಬಟನ್ ಬಂದ್ ಮಾಡಲೇ!"

ಬಟನ್ನು ಮಗ್ಗದ ಆಚೆ. ಅಲ್ಲಿಗೆ ಓಡುವಷ್ಟು ಹೊತ್ತಿರಲಿಲ್ಲ. ಮಗ್ಗದ ಮೇಲಿದ್ದ ಅಪ್ಪನ ಕತ್ತರಿ ತೆಗೆದು ನೂಲು ಕತ್ತರಿಸಿದೆ. ಕಡ್ಡಿ ಬಿತ್ತು, ಮೋಟರು ನಿಂತಿತು. ಎಲ್ಲ ನಾನು ಅಂದುಕೊಂಡಂತೆಯೇ ಕೆಲಸ ಮಾಡಿತ್ತು. ಅದನ್ನು ನೋಡಿ ನನಗೆ ಮೈ ಉರಿಯಿತು.

ಅವ್ವ ಬೆರಳು ನೋಡಿಕೊಳ್ಳಲಿಲ್ಲ. ನೂಲಿಗೆ ರಕ್ತ ತಾಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದಳು.

"ಹುಚ್ಚ ಹಿಡದೈತೇನು ನಿನಗ? ಬೆರಳ ಹೋಗಿದ್ರ?" ಎಂದು ಚೀರಿದೆ.

"ಬೆರಳು ತಾನ ಕೂಡತೈತಿ. ನೂಲು ನಾವ ಕೂಡಸಬೇಕು" ಎಂದು ಅವಳು ಗಂಟು ಹಾಕತೊಡಗಿದಳು.

ಡಬ್ಬಿಯಲ್ಲಿದ್ದ ಸ್ವಿಚ್ಚು ಹುಡುಕಿ ತೆಗೆದು ಅವಳ ಪಾದದ ಕೆಳಗೆ ಕೂರಿಸಿದೆ. ಒತ್ತಿದಷ್ಟು ಹೊತ್ತು ಯಂತ್ರ ಓಡುತ್ತದೆ, ಕಾಲೆತ್ತಿದರೆ ನಿಲ್ಲುತ್ತದೆ. ಸೆರಗು ಮುಗಿಯಿತು. ಅವ್ವ ಇಂದಿಗೂ ನೂಲಿನ ಮೇಲಿಂದ ಬೆರಳು ತೆಗೆಯುವುದಿಲ್ಲ. ಸಿಕ್ಕು ಬಂದ ಕೂಡಲೇ ಮಾತ್ರ ಕಾಲೆತ್ತುತ್ತಾಳೆ, ನೂಲು ಹರಿದೀತೆಂದು.