ಡಿಕ್ಕಿಯಲ್ಲಿ ಉಳಿದ ಅಕ್ಷರಗಳು

ಲಾಯ್ಡ್‌ನನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನ, ಚರ್ಚಿನ ಹೆಂಗಸರು ತಂದಿಟ್ಟ ಕೋಳಿ ನೂಡಲ್ಸ್ ಆರುವ ಮೊದಲೇ ಅವನ ಕಾರು ಕ್ಲಬ್ಬಿನ ಗಂಡಸರೆಲ್ಲ ಗ್ಯಾರೇಜಿನಲ್ಲಿ ಸೇರಿದ್ದರು. ಅವನ ಹೆಂಡತಿ ವರ್ನಾ ಅಡುಗೆಮನೆಯ ಕಿಟಕಿಯಿಂದ ನೋಡಿದಳು. ಟೋಪಿ ತೆಗೆದು ನಿಂತಿದ್ದರು. ಶವಪೆಟ್ಟಿಗೆಯ ಮುಂದೆಯೂ ಅಷ್ಟು ಭಕ್ತಿಯಿಂದ ನಿಂತಿರಲಿಲ್ಲ.

ಅವರೆದುರು ಇದ್ದದ್ದು ಕಪ್ಪು, ಬೆಳ್ಳಿ ಬಣ್ಣದ ಸ್ಪೋರ್ಟ್ಸ್ ಕಾರು. ಮೇ ತಿಂಗಳ ದೊಡ್ಡ ರೇಸಿನಲ್ಲಿ ಓಟದ ಕಾರುಗಳನ್ನು ಹಿಂದಿಟ್ಟುಕೊಂಡು ಸುತ್ತು ಹಾಕಿ, ಹಸಿರು ಬಾವುಟ ಬೀಸುವ ಹೊತ್ತಿಗೆ ಪಕ್ಕಕ್ಕೆ ಸರಿಯುತ್ತದಲ್ಲ, ಆ ಪೇಸ್ ಕಾರಿನ ತದ್ರೂಪು. ಅವಳಿಗೆ ಮದುವೆಯಾದ ವರ್ಷ ಅಂಥವನ್ನು ಸಾವಿರಗಟ್ಟಲೆ ಮಾರಿದ್ದರು. ಬಾಗಿಲಿಗೆ ಅಂಟಿಸುವ ರೇಸಿನ ಹೆಸರಿನ ಅಕ್ಷರಗಳ ಹಾಳೆಯನ್ನು ಡಿಕ್ಕಿಯಲ್ಲಿಟ್ಟು ಕೊಡುತ್ತಿದ್ದರು. ಅಂಟಿಸುವುದು ಬಿಡುವುದು ಕೊಂಡವರ ಇಷ್ಟ. ಲಾಯ್ಡ್ ಅಂಟಿಸಲಿಲ್ಲ. ಸೀಟಿನ ಪ್ಲಾಸ್ಟಿಕ್ಕನ್ನೂ ಕೀಳಲಿಲ್ಲ. ಮುಂದೆ ಬೆಲೆ ಬರುತ್ತದೆಂದು ಹೊದಿಕೆ ಹೊದಿಸಿಟ್ಟ. ರೇಸು ನಡೆಯುವ ಅವರ ಸ್ಪೀಡ್‌ವೇ ಊರಿನ ಎಷ್ಟೋ ಮನೆಗಳಲ್ಲಿ ಹಾಗೇ ಹೊದಿಸಿಟ್ಟರು. ಎಲ್ಲರೂ ಬಚ್ಚಿಟ್ಟದ್ದು ಅಪರೂಪದ್ದಾಗುವುದು ಹೇಗೆಂದು ವರ್ನಾ ಒಮ್ಮೆ ಕೇಳಿದ್ದಳು.

"ನೀನು ಸೂಪ್ ನೋಡ್ಕೋ," ಎಂದಿದ್ದ ಲಾಯ್ಡ್.

ಶಾಲೆಯ ಅಡುಗೆಮನೆಯಲ್ಲಿ ಅವಳು ಬೇಯಿಸಿ ಬಡಿಸಿ ತಂದ ಸಂಬಳವೂ ಆ ಕಾರಿಗೆ ಸೇರಿತ್ತು. ಆದರೂ ಅವಳು ಅದರೊಳಗೆ ಒಮ್ಮೆಯೂ ಕೂತವಳಲ್ಲ. ರಸ್ತೆ ಒಣಗಿದ ಭಾನುವಾರಗಳಲ್ಲಿ ಲಾಯ್ಡ್ ಒಬ್ಬನೇ ಅದನ್ನು ಅಂಗಳದ ತುದಿಯವರೆಗೆ ತಂದು, ಮತ್ತೆ ಒಳಗಿಡುತ್ತಿದ್ದ. ಅವಳು ಓಡಿಸಿದ್ದು ತಳ ತೂತಾದ ಹಳೆಯ ಗಾಡಿ. ಮಳೆ ಬಂದರೆ ಕಾಲು ಒದ್ದೆ.

ಆ ಜನವರಿಯನ್ನು ಅವಳು ಮರೆತಿರಲಿಲ್ಲ. ಹೆರಿಗೆ ನೋವು ಶುರುವಾಗಿತ್ತು. ಹಳೆಯ ಗಾಡಿ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಅವಳು ಗ್ಯಾರೇಜಿನ ಕಡೆ ನೋಡಿದಳು.

"ಹಿಮ ಕರಗೋಕೆ ರಸ್ತೆ ತುಂಬ ಉಪ್ಪು ಸುರಿದಿದಾರೆ ವರ್ನಾ. ತಳ ತುಕ್ಕು ಹಿಡಿದುಬಿಡುತ್ತೆ. ಪಕ್ಕದ ಮನೆ ಓರ್ವಿಲ್‌ನ ಕರೀತೀನಿ. ಸ್ವಲ್ಪ ತಡ್ಕೋ," ಎಂದ ಲಾಯ್ಡ್.

ತಡೆದುಕೊಂಡಳು. ಓರ್ವಿಲ್‌ನ ಟ್ರಕ್ಕಿನ ಸೀಟಿನಲ್ಲಿ ನಾಯಿಯ ಕೂದಲಿತ್ತು. ಆಸ್ಪತ್ರೆಯ ಬಾಗಿಲು ಕಾಣುವಾಗಲೇ ರೋಂಡಾ ಹುಟ್ಟಿಬಿಟ್ಟಳು.

ಈಗ ಮೈದುನ ಡ್ವೈಟ್ ಅಡುಗೆಮನೆಗೆ ಬಂದ. "ವರ್ನಾ, ಕ್ಲಬ್ಬಿನವರು ಮಾತಾಡ್ಕೊಂಡಿದೀವಿ. ಕಾರು ನಮ್ಮ ಹಾಲ್‌ನಲ್ಲಿರಲಿ, ಅಣ್ಣನ ನೆನಪಿಗೆ. ಬೀಗದ ಕೈ ಎಲ್ಲಿದೆ?"

"ಅಣ್ಣನ ನೆನಪು ನನಗೆ ಸಾಕಷ್ಟಿದೆ. ಬೇಕಾದ್ರೆ ನಿಂಗೂ ಸ್ವಲ್ಪ ಕಟ್ಟಿಕೊಡ್ತೀನಿ."

ಅವಳು ಬೀಗದ ಕೈ ತೆಗೆದುಕೊಂಡು ಗ್ಯಾರೇಜಿಗೆ ನಡೆದಳು. ಡಿಕ್ಕಿ ತೆರೆದು ಅಕ್ಷರಗಳ ಹಾಳೆ ಎತ್ತಿದಳು. ಕ್ಲಬ್ಬಿನವನೊಬ್ಬ ಮುಂದೆ ನುಗ್ಗಿದ.

"ಅಯ್ಯೋ, ಅಂಟಿಸಿದ್ರೆ ಬೆಲೆ ಹೋಯ್ತು!"

ಹಾಳೆ ಕಿತ್ತು ಬಾಗಿಲಿಗೆ ಒತ್ತಿದಳು. ಒಣಗಿದ ಅಂಟು ಹಿಡಿಯಲಿಲ್ಲ. ಅಕ್ಷರಗಳು ಹಪ್ಪಳದಂತೆ ಮುರಿದು ಕಾಲ ಬಳಿ ಉದುರಿದವು. ಇಷ್ಟು ವರ್ಷ ಲಾಯ್ಡ್ ಕಾಪಾಡಿಟ್ಟದ್ದು ಇದನ್ನೇ. ಅವಳು ಅತ್ತದ್ದು ಆಗ, ಅದೂ ಸಿಟ್ಟಿನಿಂದ.

ಆಮೇಲೆ ಸೀಟಿನ ಪ್ಲಾಸ್ಟಿಕ್ ಹರಿದಳು. ಚರ್ರೆಂದ ಸದ್ದಿಗೆ ಡ್ವೈಟ್ ಕಣ್ಣು ಮುಚ್ಚಿದ.

"ರೋಂಡಾ, ಕೋಟು ಹಾಕ್ಕೊಂಡು ಬಾ. ಮನೇಲಿ ಹಾಲಿಲ್ಲ."

"ಅಮ್ಮ, ಈ ಬೂಟಲ್ಲೇ ಹತ್ತಲಾ? ಕೆಸರಿದೆ."

"ಅದರಲ್ಲೇ ಹತ್ತು."

ಡ್ವೈಟ್ ಕಾರಿನ ಮುಂದೆ ಬಂದು ಕೈ ಚಾಚಿದ. "ರಸ್ತೆ ತುಂಬ ಉಪ್ಪಿದೆ, ವರ್ನಾ! ಮೇ ತಿಂಗಳವರೆಗಾದ್ರೂ ತಡ್ಕೋ!"

"ತಡ್ಕೊಂಡಿದ್ದು ಮುಗೀತು. ಪಕ್ಕಕ್ಕೆ ಸರಿ ಡ್ವೈಟ್."

ಅವನು ಸರಿದ. ಕಾರು ಅಂಗಳದ ತುದಿ ದಾಟಿತು. ಬೂದು ಬಣ್ಣದ ಉಪ್ಪುನೀರು ಬೆಳ್ಳಿಯ ಅಂಚಿಗೆ ಎರಚಿ, ತಳಕ್ಕೆ ಪಟಪಟ ಬಡಿಯಿತು. ಆ ಸದ್ದು ಚೆನ್ನಾಗಿ ಕೇಳಲೆಂದು ವರ್ನಾ ಕಿಟಕಿಯ ಗಾಜು ಇಳಿಸಿದಳು.